ಕಿಟಕಿಕಟ್ಟೆಯ ತಾಟು

ಕಡಲೆಬೇಳೆ ಒಂದಿಷ್ಟು ಹೆಚ್ಚು ಹುರಿದರೆ ಅದರ ವಾಸನೆಯಲ್ಲಿ ಒಂದು ಕಹಿ ಎಳೆ ಸೇರಿಕೊಳ್ಳುತ್ತದೆ. ರೂಢಿ ಇಲ್ಲದ ಮೂಗಿಗೆ ಅದು ಘಮಘಮ ಎಂದೇ ಅನ್ನಿಸುತ್ತದೆ. ಕಳೆದ ತಿಂಗಳು ಪ್ಯಾಕಿಂಗ್ ಚೀಲ ತರಲು ಪುಣೆಯ ಸದಾಶಿವ ಪೇಠಕ್ಕೆ ಹೋದಾಗ, ನಮ್ಮ ಹಳೆಯ ಗಲ್ಲಿಯ ಬಾಯಲ್ಲಿ ಈ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಯಾರೋ ಚಕ್ಕಲಿಗೆ ಭಾಜಣಿ ಮಾಡುತ್ತಿದ್ದರು. ಅಕ್ಕಿ, ಬೇಳೆ, ಜೀರಿಗೆ, ಕೊತ್ತಂಬರಿ ಬೀಜ ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಬೀಸುವ ಹಿಟ್ಟಿಗೆ ಅಲ್ಲಿ ಭಾಜಣಿ ಎನ್ನುತ್ತಾರೆ. ವಾಸನೆ ಬರುತ್ತಿದ್ದದ್ದು ಮಾಲತಿಬಾಯಿಯವರ ಕೋಣೆಯಿಂದ. ಮಾಲತಿಬಾಯಿ ಒಳಗಿರುವಾಗ ಆ ಕೋಣೆಯಿಂದ ಸೀದ ಬೇಳೆಯ ವಾಸನೆ ಬರುವುದು ನಾನು ಕಂಡಂತೆ ಎಂದೂ ಆಗಿರಲಿಲ್ಲ.

ಕೈಯಲ್ಲಿ ಚೀಲಗಳಿದ್ದವು. ಆ ಕೋಣೆ ಇದ್ದ ದೊಡ್ಡ ಹಳೆಯ ಮನೆಯ, ಅಂದರೆ ವಾಡೆಯ, ಕಟ್ಟೆಯ ಮೇಲೆ ಕೂತೆ. ಇತ್ತೀಚೆಗೆ ಎಲ್ಲಿಗೆ ಹೋದರೂ ನಾನು ಮೊದಲು ನೋಡುವುದು ಕೂರುವ ಜಾಗವನ್ನು. ಕೂತಮೇಲೆ, ನಾನು ಕೈ ಮುರಿದುಕೊಂಡ ಆ ವರ್ಷದ ದಿವಾಳಿ ಸೀಸನ್ ತಾನಾಗಿಯೇ ಎದುರು ಬಂದು ಕೂತಿತು.

ವಾಡೆಯ ಹಿಂಭಾಗದ ಆ ಕೋಣೆ ಒಂದು ಕಾಲಕ್ಕೆ ಮಾಲೀಕರು ಕಟ್ಟಿಗೆ ಒಟ್ಟುತ್ತಿದ್ದ ಜಾಗ. ಮೂರು ಒಲೆ, ಒಂದು ದೊಡ್ಡ ಕಿಟಕಿ, ಹೊರಗೆ ಅಂಗಳದಲ್ಲಿ ಒಂದೇ ನಲ್ಲಿ. ಮೂವರು ಹೆಂಗಸರು ಬಾಡಿಗೆ ಹಂಚಿಕೊಂಡು ಅಲ್ಲಿ ನಮ್ಮ ನಮ್ಮ ಕೆಲಸ ನಡೆಸುತ್ತಿದ್ದೆವು. ಮಾಲತಿಬಾಯಿ ಅದೇ ಪೇಠದಲ್ಲಿ ಹುಟ್ಟಿ, ಅದೇ ಪೇಠಕ್ಕೆ ಸೊಸೆಯಾಗಿ ಬಂದವರು, ಚಕ್ಕಲಿ ಅವರದು. ಪುಷ್ಪಾ ದೌಂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಗದಗಿನ ಕಡೆಯ ಹುಡುಗಿ. ಬೆಳಗಿನ ಗಾಡಿಗೆ ಬಂದು ಶೇಂಗಾ ಹೋಳಿಗೆ ಮಾಡಿಟ್ಟು ಮಧ್ಯಾಹ್ನದ ಗಾಡಿಗೆ ಹೊರಟುಬಿಡುತ್ತಿದ್ದಳು. ನಾನು ನವಲಗುಂದದ ಕಡೆಯವಳು. ಗಂಡ ಕೆಲಸಕ್ಕಿದ್ದ ಕಾರ್ಖಾನೆ ಊರಂಚಿನ ಭೋಸರಿಯಲ್ಲಿ, ಮನೆಯೂ ಅಲ್ಲಿಯೇ. ದಿನಾ ಬಸ್ಸು ಹಿಡಿದು ಇಲ್ಲಿಗೆ ಬಂದು ಕಟಕ ರೊಟ್ಟಿ ಬಡಿಯುತ್ತಿದ್ದೆ. ತೆಳ್ಳಗೆ ಬಡಿದು, ಎಳ್ಳು ಹಚ್ಚಿ, ಒಲೆಯ ಬದಿಗೆ ಆನಿಸಿ ಒಣಗಿಸಿದ ಜೋಳದ ರೊಟ್ಟಿ. ತಿಂಗಳುಗಟ್ಟಲೆ ಇಟ್ಟರೂ ಮುರಿದಾಗ ಟಕ್ ಎನ್ನಬೇಕು.

ಮಾಲತಿಬಾಯಿಯವರ ಮಾತೆಲ್ಲ ಮರಾಠಿ. ನನ್ನ ಜೊತೆ ಅವರು ಒಂದು ಕನ್ನಡ ಶಬ್ದವನ್ನೂ ಆಡಿದವರಲ್ಲ. ಆದರೆ ಇಷ್ಟು ವರ್ಷಗಳ ಮೇಲೆ ನೆನಪಿನಲ್ಲಿ ಅವರು ನನ್ನ ಊರಿನ ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಅವರನ್ನು ತಡೆಯಲು ಹೋಗುವುದಿಲ್ಲ.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಶುರು ಮಾಡಿದವರು ಮಾಲತಿಬಾಯಿ. ಬೆಳಿಗ್ಗೆ ಕಿಟಕಿಕಟ್ಟೆಯ ಮೇಲೆ ಒಂದು ಸ್ಟೀಲ್ ತಾಟು ಇಡಬೇಕು. ಮೊದಲ ಚಕ್ಕಲಿ, ಮೊದಲ ರೊಟ್ಟಿ, ಮೊದಲ ಹೋಳಿಗೆ ಆ ತಾಟಿಗೆ. ಉಳಿದಿಬ್ಬರು ಮುರಿದು ತಿಂದು ಹೆಸರಿಡಬೇಕು. ಹೆಸರಿಡುವುದು ಎಂದರೆ ನಮ್ಮ ಕಡೆ ತಪ್ಪು ಹುಡುಕಿ ಹೇಳುವುದು. ಮರಾಠಿಯಲ್ಲೂ ಹಾಗೆಯೇ ಅನ್ನುತ್ತಾರೆ. ಹೊಗಳುವಂತಿಲ್ಲ. ಹೊಗಳಿದರೆ ದೃಷ್ಟಿ ಆಗುತ್ತದೆ, ಗಿರಾಕಿ ಹೊಗಳಲಿ, ಅದಕ್ಕೆ ಅವನು ದುಡ್ಡು ಕೊಡುತ್ತಾನೆ ಎಂಬುದು ಮಾಲತಿಬಾಯಿಯವರ ವಾದ.

"ನಿನ್ನ ರೊಟ್ಟಿ ಇವತ್ತ ಒಂದು ಕಡೆ ದಪ್ಪ ಅದ ನೋಡು, ಕಮಲಾ. ಬಲಗೈಗೆ ಸಿಟ್ಟು ಬಂದಿತ್ತೇನ?" ಎನ್ನುವರು.

"ನಿಮ್ಮ ಚಕ್ಕಲ್ಯಾಗ ಉಪ್ಪು ನೋಡ್ರಿ. ಸಮುದ್ರ ಇಲ್ಲಿಂದ ದೂರ ಅದ ಅಂತ ಕೇಳಿದ್ದೆ," ಎನ್ನುವೆ ನಾನು.

ಪುಷ್ಪಾಳ ಹೋಳಿಗೆಗೆ ಇಬ್ಬರೂ ಸೇರಿ ಏಟು ಹಾಕುತ್ತಿದ್ದೆವು. ಅವಳು, "ಮುಗೀತೇನ್ರಿ? ಇನ್ನೂ ಏನರ ಉಳದದೇನ?" ಎಂದು ಸೆರಗು ಸಿಗಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದಳು. ಹೊರಗಿನವರು ಕೇಳಿದ್ದರೆ ಈ ಮೂವರೂ ನಾಳೆ ಬೇರೆಯಾಗುತ್ತಾರೆ ಎಂದುಕೊಳ್ಳುತ್ತಿದ್ದರು.

ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ನಾನು ಒಂದು ದೊಡ್ಡ ಕೆಲಸ ಸಾಧಿಸಿದ್ದೆ. ಪೇಠದ ಮುಖ್ಯ ರಸ್ತೆಯ ಒಂದು ಹಳೆಯ ಅಂಗಡಿ, ದಿವಾಳಿಯ ಫರಾಳ ತಿಂಡಿಗಳಿಗೆ ಹೆಸರಾದದ್ದು. ಅದರ ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರ ಕೌಂಟರಿನ ಮೇಲೆ ನನ್ನ ರೊಟ್ಟಿ ಪ್ಯಾಕೆಟ್ಟು ಇಡಲು ಒಪ್ಪಿಸಿದ್ದೆ. ಅಂಗಡಿಯವರ ಹತ್ತಿರ ಜಾಗ ಕೇಳಲು ಹೋಗುವವರಿಗೆ ಒಂದು ಮಾತು ಹೇಳುತ್ತೇನೆ: ಬೆಳಿಗ್ಗೆ ಹೋಗಬೇಡಿ. ಮಧ್ಯಾಹ್ನ ಅವರು ಊಟಕ್ಕೆ ಶಟರ್ ಎಳೆಯುವ ಹೊತ್ತಿಗೆ ಹೋಗಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಲ್ಲಿ. ಪುಣೆಯ ಅಂಗಡಿಕಾರ ಗಿರಾಕಿಯನ್ನು ಬೇಕಾದರೆ ಕಳೆದುಕೊಂಡಾನು, ಮಧ್ಯಾಹ್ನದ ನಿದ್ದೆ ಬಿಡುವವನಲ್ಲ. ಹಾಗೆ ಹೋಗಿ ಹೋಗಿ, ಕೊನೆಗೆ ಕಾಕಾ, "ತಗೊಂಡು ಬಾ ಬಾಯಿ, ದಿವಾಳಿ ತನಕ ನೋಡೋಣು. ಮಾಲು ಹೋದ್ರ ಇಡ್ತೀನಿ, ಇಲ್ಲಾಂದ್ರ ಇಲ್ಲ," ಎಂದಿದ್ದರು. ದಿವಾಳಿ ದಾಟಿ ಆ ಕೌಂಟರಿನ ಮೇಲೆ ಉಳಿದರೆ ವರ್ಷವಿಡೀ ಬೇಡಿಕೆ ಇರುತ್ತದೆ, ಮನೆಮನೆ ತಿರುಗುವುದು ತಪ್ಪುತ್ತದೆ. ನನಗೆ ಆಗಲೇ ತಿರುಗಿ ತಿರುಗಿ ಸಾಕಾಗಿತ್ತು.

ಪಿತೃಪಕ್ಷದಲ್ಲಿ ಮಳೆ ಮತ್ತೆ ಬಂತು. ಹೋಗುವ ಮಳೆ, ಹೋಗಲು ಮನಸ್ಸಿಲ್ಲದೆ ಸಂಜೆ ಸಂಜೆ ಹೊಯ್ಯುತ್ತಿತ್ತು. ಅಂಗಳದ ಕಲ್ಲು ಪಾಚಿಗಟ್ಟಿತ್ತು. ನಲ್ಲಿಯಿಂದ ಕೊಡ ತರುವಾಗ ಜಾರಿ ಬಿದ್ದೆ. ಬಿದ್ದದ್ದು ಬಲಗೈಯ ಮೇಲೆ. ಮಣಿಕಟ್ಟಿನ ಎಲುಬು ಮುರಿದಿತ್ತು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ದಿವಾಳಿ ಹತ್ತಿರವಾಗುವ ತನಕ ತೆಗೆಯುವಂತಿಲ್ಲ ಎಂದರು.

ಮರುದಿನ ಒಲೆ ಬಿಟ್ಟುಕೊಡುವ ಮಾತಾಡಲೆಂದೇ ಕೋಣೆಗೆ ಹೋದೆ. ನನ್ನ ಒಲೆ ಆಗಲೇ ಉರಿಯುತ್ತಿತ್ತು. ಮಾಲತಿಬಾಯಿ ನನ್ನ ಕಲ್ಲಿನ ಮೇಲೆ ನನ್ನ ಹಿಟ್ಟು ನಾದುತ್ತಿದ್ದರು.

"ಕೂಡು," ಅಂದರು. "ಮುಂಜಾನೆ ನಿನ್ನ ರೊಟ್ಟಿ, ಮಧ್ಯಾಹ್ನದ ಮ್ಯಾಲೆ ನನ್ನ ಚಕ್ಕಲಿ. ಏನು ಆಕಾಶ ಬೀಳೂದಿಲ್ಲ."

"ನಿಮ್ಮ ಸೀಸನ್ ಅದರೀ, ಮಾಲತಿಬಾಯಿ. ಆರ್ಡರ್ ಅದಾವು."

"ನನ್ನ ಆರ್ಡರ್ ನನಗ ಬಿಡು. ನೀ ಕೈ ನೋಡ್ಕೋ."

ಪುಷ್ಪಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೇಳದೆಯೇ ನನ್ನ ಕೂದಲು ಬಿಚ್ಚಿ ಬಾಚತೊಡಗಿದಳು. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ; ಬೆಳಿಗ್ಗೆ ಅವರು ಅವಸರದಲ್ಲಿ ಹಾಕಿದ್ದ ಜಡೆ ಬಸ್ಸಿನಲ್ಲೇ ಅರ್ಧ ಬಿಚ್ಚಿಹೋಗಿತ್ತು. ಅಂದಿನಿಂದ ದಿನಾ ಪುಷ್ಪಾ ಜಡೆ ಹಾಕಿದಳು, ಸೀರೆಯ ನಿರಿಗೆ ಸರಿಮಾಡಿದಳು. ಮಾಲತಿಬಾಯಿ ಅನ್ನ ಕಲಸಿ ಚಮಚ ಸಿಗಿಸಿ ಮುಂದಿಡುತ್ತಿದ್ದರು.

ತರಕಾರಿ ಮಂಡಿಯಲ್ಲಿ ಒಂದು ಕಂತೆ ಕೊತ್ತಂಬರಿಗೆ ನಾಲ್ಕು ಗಾಡಿ ತಿರುಗಿ ಬಾಯಿ ಮಾಡುವವಳು ನಾನು. ಇಲ್ಲಿ ಬಾಯಿ ತೆರೆದರೆ ಒಂದೇ ಮಾತು ಬರುತ್ತಿತ್ತು: "ಛಲೋ ಆಗ್ಯದರೀ." ಬೆಳಿಗ್ಗೆ ತಾಟು ಬರುತ್ತಿತ್ತು. ಚಕ್ಕಲಿಯಲ್ಲಿ ಉಪ್ಪು ಹೆಚ್ಚಿದ್ದರೂ ಛಲೋ. ಹೋಳಿಗೆ ಅಂಚು ಬಿರುಸಾಗಿದ್ದರೂ ಛಲೋ. ಅವರು ನನ್ನ ಕೆಲಸ ಎತ್ತಿಕೊಂಡು ಬೆವರುತ್ತಿರುವಾಗ, ಎಡಗೈಯಲ್ಲಿ ಅವರದೇ ಚಕ್ಕಲಿ ತಿಂದುಕೊಂಡು ಹೆಸರಿಡಲು ಯಾವ ಮುಖ? ಸ್ಟೂಲನ್ನು ಒಲೆಯ ಹತ್ತಿರದಿಂದ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿಕೊಂಡು, ಕೆಲವು ದಿನಗಳಲ್ಲಿ ಬಾಗಿಲ ಹತ್ತಿರ ಬಂದಿದ್ದೆ. ಕೆಲಸ ಮಾಡುವಾಗ ಆಗದ ದಣಿವು ಅಲ್ಲಿ ಸುಮ್ಮನೆ ಕೂತು ಆಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಯಾರಾದರೂ ಪ್ಲಾಸ್ಟರ್ ನೋಡಿ ಜಾಗ ಬಿಟ್ಟರೆ ಅವರ ಮೇಲೂ ಸಿಟ್ಟು ಬರುತ್ತಿತ್ತು.

ಇನ್ನು ರೊಟ್ಟಿ. ಮಾಲತಿಬಾಯಿಯವರದು ಹುಟ್ಟಾ ಭಾಕರಿ ಮಾಡಿದ ಕೈ. ಭಾಕರಿ, ಅಂದರೆ ಅವರ ಕಡೆಯ ಜೋಳದ ರೊಟ್ಟಿ, ಮೆತ್ತಗಿರಬೇಕು; ಅದನ್ನು ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ನನ್ನ ರೊಟ್ಟಿ ಇದಕ್ಕೆ ಪೂರಾ ಉಲ್ಟಾ. ಒಂದೊಂದನ್ನೂ ಬಿಡಿಬಿಡಿಯಾಗಿ ಹರವಿ ಪೂರ್ತಿ ಆರಿಸಬೇಕು, ಹನಿ ಹಬೆ ಉಳಿಯಬಾರದು. ಬಡಿಯುವುದನ್ನು ಅವರು ನನ್ನನ್ನು ನೋಡಿ ನೋಡಿ ಎಂದೋ ಕಲಿತಿದ್ದರು. ಆದರೆ ಒಲೆಯ ಬದಿಯಿಂದ ತೆಗೆದ ರೊಟ್ಟಿಯನ್ನು ಅವರ ಕೈ ತಾನಾಗಿಯೇ ಬಟ್ಟೆಯೊಳಗೆ ಇಡುತ್ತಿತ್ತು. ಮೇಲೆ ಬಟ್ಟೆಯ ಇನ್ನೊಂದು ಮಡಿಕೆ ಹಾಕಿ, ಮಗುವಿಗೆ ಹೊದಿಸಿದಂತೆ ತಟ್ಟುತ್ತಿದ್ದರು.

ಮೊದಲ ದಿನವೇ ಕಂಡೆ. ಪುಷ್ಪಾ ಕೂಡ ಕಂಡಳು. ಜಡೆ ಹಾಕುತ್ತಾ ಕಿವಿಯಲ್ಲಿ ಹೇಳಿದಳು:

"ಅಕ್ಕಾರ, ರೊಟ್ಟಿ ಸುತ್ತಿ ಇಡಾಕ ಹತ್ಯಾರ. ಬೆವರತಾವು ಒಳಗ. ಹೇಳ್ರಿ."

"ಹ್ಯಾಂಗ ಹೇಳ್ಲಿ? ನೀನ ಹೇಳು."

"ನಾ ಸಣ್ಣಾಕಿ. ನಿಮ್ಮ ರೊಟ್ಟಿ, ನಿಮ್ಮ ಬಾಯಿ. ನಿಮ್ಮ ಬಾಯಿಗೆ ಏನ ಪ್ಲಾಸ್ಟರ್ ಹಾಕ್ಯಾರೇನ್ರಿ?"

ಸುತ್ತುಬಳಸಿ ಪ್ರಯತ್ನ ಮಾಡಿದೆ. "ಈ ಸಲ ಹವಾ ಭಾಳ ಥಂಡಿ ಅದ ಅಲ್ಲರೀ?" ಎಂದೆ. ಅವರು ಇನ್ನೊಂದು ಬಟ್ಟೆ ತಂದು ಹೊದಿಸಿದರು. "ನಮ್ಮ ಊರಾಗ ರೊಟ್ಟಿ ಬುಟ್ಟ್ಯಾಗ ಹರವತಾರ," ಎಂದೆ. "ಊರಾಗ ಜಾಗ ಇರ್ತದ," ಎಂದು ಅವರು ನಿಟ್ಟುಸಿರು ಬಿಟ್ಟರು. ಒಮ್ಮೆ ಅವರು ನಲ್ಲಿಗೆ ಹೋದಾಗ ಎಡಗೈಯಿಂದ ಬಟ್ಟೆ ಸರಿಸಿದೆ. ಬಂದವರು, "ಗಾಳಿಗೆ ಹಾರಿತೇನ?" ಎಂದು ಮತ್ತೆ ಮುಚ್ಚಿದರು. ಅವರ ಬೆನ್ನು ನೋವಿನಿಂದ ಬಾಗಿತ್ತು. ಮಧ್ಯಾಹ್ನ ಚಕ್ಕಲಿ ಒತ್ತುವಾಗ ನಡುನಡುವೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದರು. ಅದನ್ನು ನೋಡಿದಮೇಲೆ ಬಟ್ಟೆಯ ಮಾತನ್ನು ನಾಳೆಗೆ ಎಂದು ಬಿಡುತ್ತಿದ್ದೆ.

ದಸರೆ ಮುಗಿದ ಕೂಡಲೇ ಕಾಕಾನ ಅಂಗಡಿಯ ಆಳು ಬಂದು ಪ್ಯಾಕೆಟ್ಟುಗಳನ್ನೆಲ್ಲ ವಾಪಸು ತಂದು ಕಿಟಕಿಕಟ್ಟೆಯ ಮೇಲೆ ಇಟ್ಟು ಹೋದ. ಒಂದನ್ನು ಬಿಚ್ಚಿ ರೊಟ್ಟಿ ಕೈಗೆ ತೆಗೆದುಕೊಂಡೆ. ಮುರಿಯಲಿಲ್ಲ, ಬಾಗಿತು. ಅಂಚಿನಲ್ಲಿ ಬೂಷ್ಟು ಹಿಡಿದಿತ್ತು.

ಮಾಲತಿಬಾಯಿ ಬಂದು ನೋಡಿದರು. ಮೂಸಿ ನೋಡಿದರು. ಅಪ್ಪಟ ಅಡುಗೆಯವರು, ಅವರಿಗೆ ವಿವರಿಸಬೇಕಾಗಿರಲಿಲ್ಲ. ಕೋಣೆಯ ಮೂಲೆಯಲ್ಲಿ ಸುತ್ತಿಟ್ಟ ಅಂದಿನ ರೊಟ್ಟಿಯ ಕಡೆಗೆ ತಿರುಗಿದರು.

"ಬಟ್ಟಿ," ಅಂದರು.

ನಾನು ಹೌದೆಂದು ತಲೆಯಾಡಿಸಿದೆ.

"ನಿನಗ ಗೊತ್ತಿತ್ತು."

"ಬಿಡ್ರಿ ಮಾಲತಿಬಾಯಿ. ನೀವು ಇಷ್ಟು ಮಾಡೀರಿ, ಅದ ಭಾಳ ಆತು..."

ಅಷ್ಟೇ ಸಾಕಾಯಿತು. ಅವರು ಸಿಟ್ಟಿಗೆದ್ದುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಏನು ಭಾಳ ಆತು? ಪ್ಲಾಸ್ಟರ್ ಬಿದ್ದಾಗಿಂದ ನೀ ನನ್ನ ಚಕ್ಕಲಿಗೆ ಒಂದು ಹೆಸರಿಟ್ಟಿಲ್ಲ. ದಿನಾ ಛಲೋ, ದಿನಾ ಛಲೋ! ಮನಿಗೆ ಬಂದ ಬೀಗರು ಹಾಂಗ ಅಂತಾರ. ನಾ ಇಲ್ಲಿ ನಡಾ ಮುರಕೊಂಡು ಯಾರ ಕೆಲಸ ಮಾಡಾಕ ಹತ್ತಿದ್ದೆ? ನನ್ನ ಜೋಡಿ ಒಲಿ ಹಚ್ಚಾಕಿ ಕೆಲಸ ಅಂತ ತಿಳಕೊಂಡಿದ್ದೆ. ನೀ ಬಾಗಿಲದಾಗ ಬೀಗಿತ್ತಿ ಆಗಿ ಕುಂತಿ. ಉಪ್ಪು ಜಾಸ್ತಿ ಆಗಿತ್ತೋ ಇಲ್ಲೋ ಆವತ್ತ, ಏಕಾದಶಿ ದಿನ?"

"ಆಗಿತ್ರಿ."

"ಮತ್ತ? ನನ್ನ ಗಿರಾಕಿ ಹೇಳಿದ್ರು. ನೀ ಹೇಳ್ಲಿಲ್ಲ. ನನ್ನ ಚಕ್ಕಲಿನೂ ಹೋತು, ನಿನ್ನ ರೊಟ್ಟಿನೂ ಹೋತು. ಇದಕ್ಕ ಮರ್ಯಾದಿ ಅಂತಿ ಏನ ನೀ?"

ಪುಷ್ಪಾ ಲಟ್ಟಣಿಗೆ ಹಿಡಿದುಕೊಂಡು ನಿಂತೇ ಇದ್ದಳು. ನನಗೆ ಅಳು ಬಂತು. ಸೆರಗಿನಿಂದ ಒರೆಸಿಕೊಳ್ಳಲು ಹೋದರೆ ಪ್ಲಾಸ್ಟರ್ ಹಣೆಗೆ ಬಡಿಯಿತು. ಮೂವರಿಗೂ ನಗು ಬಂತು, ಆದರೆ ಯಾರೂ ಪೂರ್ತಿ ನಗಲಿಲ್ಲ.

ಅಂದು ಮಧ್ಯಾಹ್ನ ಕಾಕಾ ಶಟರ್ ಎಳೆಯುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತೆ. ಪ್ಲಾಸ್ಟರ್ ಕಾಣದಂತೆ ಸೆರಗು ಹೊದ್ದುಕೊಂಡಿದ್ದೆ. ವ್ಯಾಪಾರಕ್ಕೆ ಹೋಗುವವರು ನೋವನ್ನು ಮುಂದೆ ಹಿಡಿಯಬಾರದು; ಒಂದು ಸಲ ಕರುಣೆಯಿಂದ ಕೊಂಡವನು ಎರಡನೆಯ ಸಲ ಬರುವುದಿಲ್ಲ.

"ರೊಟ್ಟಿ ನಮ್ಮ ತಪ್ಪಿಂದ ಕೆಟ್ಟದ, ನಿಮ್ಮ ಅಂಗಡಿ ಹವಾದಿಂದ ಅಲ್ಲ," ಎಂದು ಶುರುಮಾಡಿದೆ. "ಕೌಂಟರ್ ಬ್ಯಾಡ. ಕೆಳಗಿನ ಹಲಗಿ ಕೊಡ್ರಿ. ದಿವಾಳಿಗೆ ಎಂಟು ದಿನ ಮೊದಲ ತರ್ತೀನಿ. ನೀವ ಒಂದು ಮುರದು ನೋಡ್ರಿ, ಸಪ್ಪಳ ಬರಲಿಲ್ಲಾಂದ್ರ ಅಲ್ಲೇ ವಾಪಸ್ ಒಯ್ತೀನಿ."

ಕಾಕಾ ಶಟರಿನ ಕಡೆ ನೋಡಿದರು, ನನ್ನ ಹೊಸಿಲೊಳಗಿನ ಕಾಲಿನ ಕಡೆ ನೋಡಿದರು. "ಕೆಳಗಿನ ಹಲಗಿ," ಎಂದರು. "ಕಾಲು ತಗಿ."

ಮರುದಿನ ಬೆಳಿಗ್ಗೆ ಸ್ಟೂಲನ್ನು ಬಾಗಿಲಿನಿಂದ ಎತ್ತಿ ಒಲೆಯ ಪಕ್ಕಕ್ಕೆ ತಂದು ಹಾಕಿದೆ. ಮಾಲತಿಬಾಯಿ ಬಡಿದರು, ನಾನು ಬೈದೆ. "ಅಂಚು ನೋಡ್ರಿ, ಅಂಚು! ಅದ ಭಾಕರಿ ಅಲ್ಲ." "ನೀರು ಜಾಸ್ತಿ ಆತು." "ಬಟ್ಟಿ ಮುಟ್ಟಿದ್ರ ಕೈ ಮುರಿತೀನಿ, ಹ್ಯಾಂಗೂ ನನ್ನದೊಂದು ಮುರದದ." ಅವರು ಹಲ್ಲು ಕಚ್ಚಿ, "ಏನು ಸಾಸೂಬಾಯಿ ಸಿಕ್ಕಾಳಪಾ ನನಗ," ಎಂದು, ಅತ್ತೆಯ ಕೈಗೆ ಸಿಕ್ಕ ಸೊಸೆಯಂತೆ ಗೊಣಗುತ್ತಾ, ಒಂದೊಂದನ್ನೂ ಬಿಡಿಬಿಡಿಯಾಗಿ ಹರವಿದರು. ಬದಲಿಗೆ ಅವರು ಚಕ್ಕಲಿ ಒತ್ತುವಾಗ ಕರಿಯುವ ಎಣ್ಣೆಯ ಮೇಲೆ ನಾನು ಕಣ್ಣಿಟ್ಟೆ. ಎಡಗೈಯಲ್ಲಿ ಜಾರಾ, ತೂತಿನ ಸೌಟು, ಹಿಡಿದು ಚಕ್ಕಲಿ ತೆಗೆದೆ. ಸುಟ್ಟುಕೊಂಡೆ ಕೂಡ. ಅಂದಿನಿಂದ ತಾಟಿನ ಸುತ್ತ ಮತ್ತೆ ಗದ್ದಲ ಶುರುವಾಯಿತು. ಸಂಜೆ ಬಸ್ಸಿನಲ್ಲಿ ಕೂತಾಗ ಮೈ ನೋಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಕೆಲಸದಿಂದ ಬಂದ ನೋವು ಅದು.

ಎಲ್ಲ ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಕಾಕಾ ರೊಟ್ಟಿ ಮುರಿದು ನೋಡಿದರು, ಸಪ್ಪಳ ಬಂತು, ಕೆಳಗಿನ ಹಲಗೆಯಲ್ಲಿ ಇಟ್ಟುಕೊಂಡರು. ದಿವಾಳಿ ಮುಗಿದಮೇಲೂ ಅಲ್ಲಿ ಜಾಗ ಉಳಿಯಿತು. ಕೌಂಟರಿಗೆ ಏರಲು ಇನ್ನೊಂದು ವರ್ಷ ಬೇಕಾಯಿತು. ಮಾಲತಿಬಾಯಿಯವರ ಒಂದಿಬ್ಬರು ಹಳೆಯ ಗಿರಾಕಿಗಳು ಆ ಸಲ ಬೇರೆ ಕಡೆ ಚಕ್ಕಲಿ ತಗೊಂಡರು, ಮತ್ತೆ ಬರಲಿಲ್ಲ. ಅದನ್ನು ಅವರು ನನ್ನ ಮುಂದೆ ಒಮ್ಮೆಯೂ ಎತ್ತಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಕೈ ಸಣಕಲಾಗಿತ್ತು. ಮೊದಲಿನಷ್ಟು ತೆಳ್ಳಗೆ ಬಡಿಯುವುದು ಆ ಕೈಯಿಂದ ಮತ್ತೆ ಆಗಲೇ ಇಲ್ಲ. ಮಷಿನ್ ಕೊಂಡು ಭೋಸರಿಯಲ್ಲಿ ಒಂದು ಸಣ್ಣ ಶೆಡ್ ಹಿಡಿದದ್ದು ಆ ಕಾರಣಕ್ಕೆ. ಜನ ಅದನ್ನು ಪ್ರಗತಿ ಎನ್ನುತ್ತಾರೆ. ನಾನೂ ಹೂಂ ಎನ್ನುತ್ತೇನೆ.

ಈಗ ನನ್ನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಕೆಲಸ ಮಾಡುತ್ತಾರೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಲು ಎತ್ತಿಕೊಳ್ಳುತ್ತಾಳೆ. ಅದನ್ನು ನಾನು ತಡೆಯುವುದಿಲ್ಲ, ಆದರೆ ಸಹಾಯ ತೆಗೆದುಕೊಂಡವಳನ್ನು ಪಕ್ಕಕ್ಕೆ ಕರೆದು ಹೇಳುತ್ತೇನೆ: ತಗೋ, ನಾಚಬೇಡ; ಆದರೆ ಇವತ್ತೇ ಅವಳ ಕೆಲಸದಲ್ಲಿ ಒಂದು ತಪ್ಪು ಹುಡುಕಿ ಮುಖಕ್ಕೆ ಹೇಳು. ತಡಮಾಡಿದರೆ ಆಮೇಲೆ ಬಾಯಿ ಬರುವುದಿಲ್ಲ. ಹುಡುಗಿಯರು ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಎದ್ದು ಒಳಗೆ ಹೋದೆ.

ಮಾಲತಿಬಾಯಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಎರಡೂ ಮೊಣಕಾಲು ಕೈಕೊಟ್ಟಿವೆ, ಕೋಲು ಪಕ್ಕದಲ್ಲಿ. ಒಲೆಯ ಮುಂದೆ ಪುಷ್ಪಾ. ಈಗ ಮೈ ತುಂಬಿಕೊಂಡಿದ್ದಾಳೆ, ಕನ್ನಡಕ ಬಂದಿದೆ. ಹೋಳಿಗೆಯ ಜೊತೆಗೆ ಮಾಲತಿಬಾಯಿಯವರ ಚಕ್ಕಲಿಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಾಳೆಂದು ಫೋನಿನಲ್ಲಿ ಕೇಳಿದ್ದೆ. ಕಿಟಕಿಕಟ್ಟೆಯ ಮೇಲೆ ತಾಟು ಇತ್ತು. ತಾಟಿನಲ್ಲಿ ಒಂದು ಚಕ್ಕಲಿ, ಒಂದು ತುಣುಕು ಮುರಿದದ್ದು.

"ಬರ್ರಿ ಅಕ್ಕಾರ! ಭೋಸರಿ ಶೇಠಾಣಿ ದಾರಿ ತಪ್ಪಿ ಬಂದ್ರಿ ಏನ?" ಎಂದಳು ಪುಷ್ಪಾ, ಬೇಳೆ ಹುರಿಯುವ ಕಢಾಯಿಯಿಂದ ಸೌಟು ತೆಗೆಯದೆ.

"ಚಕ್ಕಲಿ ತಿನ್ನು, ಕಮಲಾ," ಎಂದರು ಮಾಲತಿಬಾಯಿ. ಧ್ವನಿ ಮೆತ್ತಗಿತ್ತು. "ಛಲೋ ಆಗ್ಯದ. ಪುಷ್ಪಾ ನನಗ ಭಾಳ ಮಾಡ್ತಾಳ. ದೌಂಡಿಂದ ಬಂದು, ತನ್ನದೂ ಮಾಡಿ, ನಂದೂ ಮಾಡಿ... ನಾ ಏನು ಹೇಳ್ಲಿ, ಎಲ್ಲಾ ಛಲೋ ಮಾಡ್ತಾಳ."

ಕುರ್ಚಿ ಇದ್ದ ಜಾಗವನ್ನು ನೋಡಿದೆ. ಒಂದು ಕಾಲಕ್ಕೆ ನನ್ನ ಸ್ಟೂಲು ಸರಿದು ಸರಿದು ಬಂದು ನಿಂತಿದ್ದ ಜಾಗ.

ಚಕ್ಕಲಿ ಬಾಯಿಗೆ ಹಾಕಿಕೊಂಡೆ. ಬಣ್ಣ ಕಂದು, ನಾಲಿಗೆಯ ತುದಿಗೆ ಕಹಿ. ಉಳಿದರ್ಧವನ್ನು ತಾಟಿಗೆ ಹಾಕಿದೆ.

"ಬ್ಯಾಳಿ ಕರಕಲಾಗ್ಯದರೀ ಮಾಲತಿಬಾಯಿ. ಗಲ್ಲಿ ಬಾಯಾಗ ನಿಂತವರಿಗೂ ವಾಸನಿ ಬರ್ತದ. ಇದಕ್ಕ ನಿಮ್ಮ ಹೆಸರು ಹಚ್ಚಿ ಮಾರ್ತೀರಿ ಏನ?"

ಪುಷ್ಪಾಳ ಸೌಟು ನಿಂತಿತು. ಮಾಲತಿಬಾಯಿ ಅವಳ ಬೆನ್ನಿನ ಕಡೆ ನೋಡಿದರು, ಆಮೇಲೆ ತಾಟಿನ ಕಡೆ.

"ಗಣಪತಿ ಹಬ್ಬದಿಂದ ಹಿಂಗ ಆಗಾಕ ಹತ್ಯದ," ಎಂದರು ಮೆಲ್ಲಗೆ. ಮರುಕ್ಷಣ ಕೋಲು ನೆಲಕ್ಕೆ ಬಡಿಯಿತು. "ಅಗ ಪುಷ್ಪಾ, ಇಳಸು ಆ ಕಢಾಯಿ! ಅಷ್ಟು ಬೆಂಕಿ ಯಾಕ? ಆ ಬ್ಯಾಳಿ ಏನು ನಿಮ್ಮ ಅತ್ತಿ ಏನ, ಹಿಂಗ ಸುಡಾಕ?"

ಪುಷ್ಪಾ ಕಢಾಯಿ ಇಳಿಸಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಕಣ್ಣನ್ನೂ ಒರೆಸಿದಳು. ಸಿಟ್ಟು ಬಂದಿತ್ತೋ ಏನೋ, ನನಗೆ ತಿಳಿಯಲಿಲ್ಲ.

"ಅಷ್ಟು ಕಾಣತದ ಅಂದ್ರ ಬಾಗಲದಾಗ ಯಾಕ ಕುಂತೀರಿ? ಒಲಿ ಹತ್ರ ಬರ್ರಿ," ಎಂದಳು. "ಅಕ್ಕಾರ, ಆ ಕಡೆ ಹಿಡೀರಿ."

ಇಬ್ಬರೂ ಸೇರಿ ಕುರ್ಚಿಯನ್ನು ಅವರ ಸಮೇತ ಎತ್ತಿದೆವು. ಮಾಲತಿಬಾಯಿ ಭಾರ ಇದ್ದರು. ನನ್ನ ಬಲ ಮಣಿಕಟ್ಟು ಛಳಕ್ ಎಂದಿತು. ನಡುದಾರಿಯಲ್ಲಿ ಕುರ್ಚಿ ನನ್ನ ಕಡೆಗೆ ವಾಲಿದಾಗ ಅವರು ಎರಡೂ ಕೈಯಿಂದ ಹಿಡಿಕೆ ಬಿಗಿಹಿಡಿದು, ಕೋಣೆ ತುಂಬುವಂತೆ ಕೂಗಿದರು:

"ಸಾವಕಾಶ! ಸಾವಕಾಶ! ಒಂದು ಕುರ್ಚಿ ಎತ್ತಾಕ ಬರೂದಿಲ್ಲ ನಿಮಗಿಬ್ಬರಿಗೂ!"